ಎರಡು ಬಾಗಿಲಿಗೆ ಒಂದೇ ಗಳಿಗೆ

ಶಿಗ್ಗಾಂವದ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದ ಉಳಿವೆಪ್ಪನಿಗೆ ಎರಡು ಊರುಗಳಲ್ಲಿ ಎರಡು ಬಗೆಯ ಕೀರ್ತಿಯಿತ್ತು. ಶಿಗ್ಗಾಂವದಲ್ಲಿ ಆತ, ಹಾವೇರಿಗೆ ಹೋಗಬೇಕಾದವನು ಸೀಟು ಖಾಲಿ ಇವೆಯೆಂಬ ಒಂದೇ ಕಾರಣಕ್ಕೆ ಹುಬ್ಬಳ್ಳಿಯ ಬಸ್ಸು ಹತ್ತಿದ ಮನುಷ್ಯ. ಇನ್ನೊಂದು ಊರು ಯಾವ ಭೂಪಟದಲ್ಲಿಯೂ ಇಲ್ಲ; ಅದು ಆತನ ಹಳೆಯ ಲ್ಯಾಪ್‌ಟಾಪಿನಲ್ಲಿತ್ತು. ಅಲ್ಲಿ ಆತ ಸೇನಾನಿ.

ಆ ಊರಿನಲ್ಲಿ ಸದಾ ಕತ್ತಲೆ, ಸದಾ ಮಳೆ. ಮುಗಿಲು ಮುಟ್ಟುವ ಕಟ್ಟಡಗಳ ಮೈತುಂಬ ಗುಲಾಬಿ ಮತ್ತು ನೀಲಿ ದೀಪಗಳ ಜಾಹೀರಾತು. ಊರನ್ನು ಆಳುವುದು ಸರಕಾರವಲ್ಲ, ದೈತ್ಯ ಕಂಪನಿಗಳು. ಅವುಗಳ ಗುಟ್ಟನ್ನು ಸದ್ದಿಲ್ಲದೆ ಕದ್ದು ತರುವ ನಾಲ್ವರ ಪಡೆಯೊಂದು ಉಳಿವೆಪ್ಪನ ಅಪ್ಪಣೆಯಲ್ಲಿತ್ತು: ಗೋಡೆ ಹತ್ತುವವಳೊಬ್ಬಳು, ಕಬ್ಬಿಣದ ತೋಳಿನವನೊಬ್ಬ, ದೂರದಿಂದಲೇ ಕ್ಯಾಮೆರಾಗಳ ಕಣ್ಣು ಕಟ್ಟುವವಳೊಬ್ಬಳು, ಹಾರುವ ಯಂತ್ರವನ್ನು ನೊಣದಂತೆ ಹರಿಯಬಿಟ್ಟು ಬೇಹು ನೋಡುವವನೊಬ್ಬ. ಪ್ರತಿಯೊಬ್ಬ ಕಾವಲುಗಾರನ ದೃಷ್ಟಿ ಎಲ್ಲಿಯವರೆಗೆ ಹರಿಯುತ್ತದೆ ಎಂಬುದು ನೆಲದ ಮೇಲೆ ಕೆಂಪು ಬೀಸಣಿಗೆಯ ಆಕಾರದಲ್ಲಿ ಕಾಣುತ್ತಿತ್ತು. ಆ ಬೀಸಣಿಗೆಯನ್ನು ತುಳಿಯದೆ ನಡೆದರೆ ಮನುಷ್ಯ ಅದೃಶ್ಯ.

ಈ ಆಟದ ಜೀವಾಳ ಎರಡು ಗುಂಡಿಗಳಲ್ಲಿತ್ತು. ಮೊದಲನೆಯದನ್ನು ಒತ್ತಿದರೆ ಕಾಲ ನಿಲ್ಲುತ್ತದೆ. ಮಳೆಹನಿ ಗಾಳಿಯಲ್ಲಿಯೇ ತೂಗುತ್ತದೆ. ಆಗ ನಾಲ್ವರಿಗೂ ಒಂದೊಂದು ಕೆಲಸ ಹಚ್ಚಿ ಮತ್ತೆ ಒತ್ತಿದರೆ ನಾಲ್ವರೂ ಒಂದೇ ಕ್ಷಣಕ್ಕೆ ತಮ್ಮ ತಮ್ಮ ಕೆಲಸ ಮುಗಿಸುತ್ತಾರೆ. ಎರಡನೆಯದು ಕಾದಿಡುವ ಗುಂಡಿ. ಹೆಜ್ಜೆ ಇಡುವ ಮುನ್ನ ಅದನ್ನೊತ್ತಿ ಆಟವನ್ನು ಇದ್ದಂತೆ ಕಾದಿಟ್ಟರೆ, ಹೆಜ್ಜೆ ತಪ್ಪಿದಾಗ ಅಲ್ಲಿಂದಲೇ ಮತ್ತೆ ಆರಂಭಿಸಬಹುದು. ಮೊದಲನೆಯ ಗುಂಡಿಯ ವಿಷಯವನ್ನು ಉಳಿವೆಪ್ಪ ಕಾಲೇಜಿನಲ್ಲಿ ಎಲ್ಲರಿಗೂ ಹೇಳಿದ್ದ. ಎರಡನೆಯದರ ವಿಷಯವನ್ನು ಯಾರಿಗೂ ಹೇಳಿರಲಿಲ್ಲ. "ಒಂದು ಎಚ್ಚರಿಕೀ ಗಂಟೀನೂ ಹೊಡೀದಂಗ ಇಡೀ ಕಟ್ಟಡ ದಾಟಿದೆ" ಎಂದು ಆತ ಹೇಳುವುದು ಕೊನೆಯ ಪ್ರಯತ್ನದ ಮಟ್ಟಿಗೆ ಸತ್ಯವಾಗಿರುತ್ತಿತ್ತು.

ಮನೆಯಲ್ಲಿ ಈ ಸೇನಾನಿಗೆ ಮನ್ನಣೆ ಕಡಿಮೆ. ಅವನ ಅವ್ವ ರೊಟ್ಟಿ ಬಡಿಯುತ್ತಲೇ ಪರದೆಯತ್ತ ಒಂದು ಕಣ್ಣು ಹಾಯಿಸಿ ಕೇಳುತ್ತಿದ್ದಳು:

"ಅಲ್ಲೋ, ಆ ಊರಾಗ ಹಗಲ ಆಗೂದ ಇಲ್ಲೇನು? ಅಷ್ಟ ಮಳಿ ಹೊಡ್ಯಾಕತ್ತೈತಿ, ಒಬ್ಬರ ಕೈಯಾಗರ ಛತ್ರಿ ಬ್ಯಾಡ?"

"ಅವ್ವಾ, ಅದು ಮುಂದಿನ ಕಾಲ."

"ಮುಂದಿನ ಕಾಲದಾಗ ನೆಗಡಿ ಬರಂಗಿಲ್ಲೇನು?"

ತಂಗಿ ಶ್ವೇತಾ ಮಾತ್ರ ಆಗಾಗ ಅಣ್ಣನ ಹೆಗಲ ಮೇಲಿಂದ ಇಣುಕಿ, "ಆ ಮೂಲ್ಯಾಗ ಒಬ್ಬ ಕುಂತಾನಲ್ಲ, ಅವನ್ನ ನೋಡಿದಿಯಿಲ್ಲೋ?" ಎನ್ನುತ್ತಿದ್ದಳು. ಉಳಿವೆಪ್ಪ ನೋಡಿರುತ್ತಿರಲಿಲ್ಲ. ಕಾದಿಡುವ ಗುಂಡಿ ಅಷ್ಟರಲ್ಲಿ ಮತ್ತೊಮ್ಮೆ ಆತನ ಮಾನ ಕಾಯುತ್ತಿತ್ತು.

ಈ ಶ್ವೇತಾಳ ಮದುವೆ ಹಿರೇಕೆರೂರಿನ ಮನೆತನವೊಂದರಲ್ಲಿ ನಿಶ್ಚಯವಾದಾಗಲೇ ನಿಜವಾದ ಸಂಕಟ ಹುಟ್ಟಿತು. ಸಂಕಟದ ಹೆಸರು ಸೋದರಮಾವ. ಮದುವೆಯ ಹಂದರದ ಮೊದಲ ಕಂಬವನ್ನು ಸೋದರಮಾವ ಹೊತ್ತು ತರಬೇಕು. ಆತ ಕಂಬ ತಾರದ ಹಂದರದಲ್ಲಿ ಆ ಮನೆತನಗಳಲ್ಲಿ ಯಾರೂ ಮದುವೆ ಮಾಡುವುದಿಲ್ಲ. ಒಬ್ಬ ಸೋದರಮಾವ ಇದ್ದವರಿಗೆ ಇದು ಸುಲಭ. ಶ್ವೇತಾಳಿಗೆ ಇಬ್ಬರಿದ್ದರು, ಮಾಸೂರಿನ ನಾಗಪ್ಪ ಮತ್ತು ಕರಬಸಪ್ಪ. ಇಬ್ಬರೂ ಅವಳಿಗಳು, ಮತ್ತು ಇಬ್ಬರೂ ಹಿರಿಯರು.

ನಾಗಪ್ಪನ ವಾದ ಸರಳ: ತಾನು ಮೊದಲು ಹುಟ್ಟಿದವನು, ಆದ್ದರಿಂದ ಹಿರಿಯ. ಕರಬಸಪ್ಪ ಆ ಸಂಗತಿಯನ್ನು ಒಪ್ಪುತ್ತಿದ್ದ, ತೀರ್ಮಾನವನ್ನು ಒಪ್ಪುತ್ತಿರಲಿಲ್ಲ. "ನೆಲದಾಗಿನ ಹಗೇವಕ್ಕ ಜ್ವಾಳ ತುಂಬೀರೇನು ಯಾವತ್ತರ? ಮೊದಲ ಸುರುವಿದ ಚೀಲ ತಳಕ್ಕ ಕೂಡ್ತೈತಿ, ಕಡೀಕ ಹೊರಗ ಬರ್ತೈತಿ. ನಾ ಮೊದಲ ಒಳಗ ಹೋದಾಂವ. ನಾನ ಹಿರ್ಯಾ" ಎಂಬುದು ಆತನ ವಾದ. ಊರಿನ ಅರ್ಧ ಜನ ಒಂದು ಕಡೆ, ಅರ್ಧ ಜನ ಇನ್ನೊಂದು ಕಡೆ. ತಂದೆ ತೀರಿದಾಗ ಹಿರಿಮಗನ ತಲೆಗೆ ಪಟಗಾ ಸುತ್ತುವ ಹೊತ್ತಿನಲ್ಲಿ ಇಬ್ಬರೂ ತಲೆ ಒಡ್ಡಿ ಕುಳಿತರು, ಇಬ್ಬರಿಗೂ ಸುತ್ತಲಾಯಿತು, ಅಂದಿನಿಂದ ಮಾತು ನಿಂತಿತು. ಮನೆಯ ನಡುವೆ ಗೋಡೆ ಎದ್ದಿತು. ಮುಂದಿನ ಕಟ್ಟೆ ಒಂದೇ, ಬಾಗಿಲು ಎರಡು. ತಾಯಿ ಹೊನ್ನವ್ವನ ಕೋಣೆಯೊಂದನ್ನು ಒಡೆಯಲು ಬಾರದೆ, ಅದಕ್ಕೆ ಎರಡೂ ಕಡೆ ಬಾಗಿಲಿಟ್ಟು ನಡುವೆ ಬಿಟ್ಟಿದ್ದರು.

ಮೊಮ್ಮಕ್ಕಳೆಲ್ಲ 'ಅಮ್ಮ' ಎಂದೇ ಕರೆಯುವ ಈ ಅಜ್ಜಿ ಹೊನ್ನವ್ವ, ಹಿರಿಯ ಯಾರೆಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡುತ್ತಿದ್ದಳು: "ಹಿರೇತನ ಮಾಡಿ ತೋರಸ್ರಿ, ಹೇಳ್ತೇನಿ." ಇನ್ನೊಬ್ಬ ಸಾಕ್ಷಿಯಾಗಬಹುದಾಗಿದ್ದ ಉಳಿವೆಪ್ಪನ ಅವ್ವ, ತಮ್ಮಂದಿರು ಹುಟ್ಟಿದ ಹೊತ್ತಿನಲ್ಲಿ ಪಕ್ಕದ ಮನೆಯಲ್ಲಿ ಶೇಂಗಾ ಸುಲಿದು ತಿನ್ನುತ್ತ ಕುಳಿತಿದ್ದಳು.

ಈಗ ಎರಡೂ ಬಾಗಿಲಿನಿಂದ ಒಂದೇ ಒಕ್ಕಣೆಯ ಮಾತು ಬಂದಿತ್ತು. ಮೊದಲ ಲಗ್ನಪತ್ರಿಕೆ ನಮ್ಮ ಬಾಗಿಲಿಗೆ ಬರಬೇಕು. ಎರಡನೆಯದು ಬಂದರೆ ನಾವು ಹಂದರ ತುಳಿಯುವುದಿಲ್ಲ. ಹಿರೇಕೆರೂರಿನ ಬೀಗರು ಸೌಮ್ಯವಾಗಿ, "ಸೋದರಮಾವ ಬರ್ತಾರಲ್ರಿ?" ಎಂದು ಕೇಳಿ ಹೋಗಿದ್ದರು. ಅಷ್ಟು ಸೌಮ್ಯವಾಗಿ ಕೇಳುವವರು ಎಷ್ಟು ಸೌಮ್ಯವಾಗಿ ಮದುವೆ ಬಿಡಬಲ್ಲರೆಂಬುದು ಎಲ್ಲರಿಗೂ ಗೊತ್ತಿತ್ತು.

"ಒಬ್ಬಾಂವನ್ನ ಕರಿಯೂಣು" ಎಂದರು ಅಪ್ಪ. ವರ್ಷಕ್ಕೊಮ್ಮೆ ಬಾಯಿ ಬಿಡುವ ಮನುಷ್ಯ.

ಶ್ವೇತಾ ತಟ್ಟೆ ಸರಿಸಿದಳು. ಅವಳು ಶಾಲೆ ಕಲಿತದ್ದು ಮಾಸೂರಿನಲ್ಲಿ. ಬೆಳಗಿನ ರೊಟ್ಟಿ ಒಬ್ಬ ಮಾಮಾನ ಮನೆಯಲ್ಲಿ, ರಾತ್ರಿಯ ಅನ್ನ ಇನ್ನೊಬ್ಬನ ಮನೆಯಲ್ಲಿ ಉಂಡು ಬೆಳೆದವಳು. "ನಾ ಯಾವ ಕೈಯ ತುತ್ತು ಮರೀಲಿ ಹೇಳ್ರಿ? ಇಬ್ಬರೂ ಮಾಮಾಂದಿರು ಬರಬೇಕು. ಇಲ್ಲಾಂದ್ರ ನಾ ಹಂದರದಾಗ ಕೂಡ್ರಂಗಿಲ್ಲ."

ಉಳಿವೆಪ್ಪ ಅತ್ಯಂತ ಗಂಭೀರವಾಗಿ ನುಡಿದ: "ಎರಡೂ ಬಾಗಿಲಿಗೆ ಒಂದ ಗಳಿಗೀಗೆ ಪತ್ರಿಕಿ ಮುಟ್ಟಬೇಕು. ಅಷ್ಟ. ಇದಕ್ಕ ತಂತ್ರ ಐತಿ."

ಅವನ ಬಾಯಿಂದ ಇಂಥ ಭರವಸೆಯ ಮಾತು ಮನೆಯವರು ಹಿಂದೆ ಕೇಳಿರಲಿಲ್ಲ. ನಂಬಿಬಿಟ್ಟರು. ಬೇರೆ ದಾರಿಯೂ ಇರಲಿಲ್ಲ.

ಮರುದಿನ ಪಡಸಾಲೆಯ ನೆಲದ ಮೇಲೆ ಮಾಸೂರಿನ ನಕಾಶೆ ಮೂಡಿತು. ಗೋಡೆಗಳಿಗೆ ರಂಗೋಲಿ ಪುಡಿ, ಮನುಷ್ಯರಿಗೆ ಅಡಿಕೆ, ಅವರವರ ದೃಷ್ಟಿಯ ಬೀಸಣಿಗೆಗೆ ಕುಂಕುಮ. ಕಟ್ಟೆಯ ಮೇಲೆ ಸದಾ ಕೂರುವ ಮುದುಕರ ಬೀಸಣಿಗೆಗಳು ಒಂದರ ಮೇಲೊಂದು ಬಿದ್ದು ಇಡೀ ಓಣಿ ಕೆಂಪಾಯಿತು. ಅವ್ವ, "ಪತ್ರಿಕಿ ಹಂಚಾಕ ಇಟ್ಟ ಕುಂಕುಮ ಐತೋ ಅದು" ಎಂದು ಗೋಳಿಡುತ್ತಿದ್ದಾಗ ನೆರೆಮನೆಯ ಹಾಜರಾಬಿ ಹೆಪ್ಪಿಗೆ ಮೊಸರು ಕೇಳಲು ಬಟ್ಟಲು ಹಿಡಿದು ಬಂದಳು. ನೆಲ ನೋಡಿದಳು. ನಡುವೆ ಮಂಡಿಯೂರಿ ಅಡಿಕೆ ಸರಿಸುತ್ತಿದ್ದ ಉಳಿವೆಪ್ಪನನ್ನು ನೋಡಿದಳು. ಬಟ್ಟಲನ್ನು ಎದೆಗವಚಿಕೊಂಡು ಹಿಂದೆ ಹಿಂದೆಯೇ ಹೊಸ್ತಿಲು ದಾಟಿದಳು.

ಸಂಜೆಯೊಳಗೆ, ಮದುವೆಯ ಮನೆಗೆ ಯಾರೋ ಮಾಟ ಮಾಡಿಸಿದ್ದಾರೆಂದೂ ಹುಡುಗನಿಗೆ ದೆವ್ವ ಮೆಟ್ಟಿಕೊಂಡಿದೆಯೆಂದೂ ಓಣಿಗೆಲ್ಲ ಗೊತ್ತಾಯಿತು. ಹಾಜರಾಬಿ ಕೆಟ್ಟವಳಲ್ಲ, ಹುಲಗೂರಿನ ದರ್ಗಾಕ್ಕೆ ಹೋಗಿ ದಾರ ತಂದು ತಾನೇ ಉಳಿವೆಪ್ಪನ ಮುಂಗೈಗೆ ಕಟ್ಟಿದಳು. "ಎಂಥಾದಿದ್ರೂ ಇಳೀತೈತಿ, ಅಂಜಬ್ಯಾಡ ತಮ್ಮಾ" ಎಂದಳು. ಸೇನಾನಿ ಬಿಚ್ಚಲು ಹೋಗಲಿಲ್ಲ. ಪಡೆಗೆ ಯಾವ ಬೆಂಬಲವೂ ಹೆಚ್ಚಲ್ಲ.

ಪಡೆಯ ರಚನೆ ಹೀಗಿತ್ತು. ಲಗ್ನಪತ್ರಿಕೆಯನ್ನು ದಂಪತಿಗಳೇ ಅಕ್ಷತೆಯೊಡನೆ ಕೊಡಬೇಕಾದ್ದರಿಂದ ನಾಗಪ್ಪನ ಬಾಗಿಲಿಗೆ ಅವ್ವ, ಅಪ್ಪ. ಕರಬಸಪ್ಪನ ಬಾಗಿಲಿಗೆ ಹಾನಗಲ್ಲಿನಿಂದ ಬರುವ ಅಕ್ಕ ಶೀಲಾ ಮತ್ತು ಭಾವ ಸಂಜಯ. ಓಣಿಯ ಬಾಯಲ್ಲಿ ತನ್ನ ವ್ಯಾನು ನಿಲ್ಲಿಸಿಕೊಂಡು, ಅಪ್ಪಣೆ ಬಂದೊಡನೆ ಹಾರ್ನ್ ಬಾರಿಸಲು ಸವಣೂರಿನ ವೀಳ್ಯದೆಲೆ ವ್ಯಾಪಾರಿ, ಉಳಿವೆಪ್ಪನ ಬಾಲ್ಯದ ಗೆಳೆಯ ನಬೀಸಾಬ. ಹಾರ್ನ್ ಕೇಳಿದ ಗಳಿಗೆಗೆ ಎರಡೂ ಮನೆಗಳಲ್ಲಿ ಪತ್ರಿಕೆ ಕೈಯಿಂದ ಕೈಗೆ ದಾಟಬೇಕು. ಸೇನಾನಿ ಸ್ವತಃ ಮದಗದ ಕೆರೆಯ ಏರಿಯ ಮೇಲೆ ಕೂತು, ಎಲ್ಲರ ಫೋನನ್ನೂ ಒಂದೇ ಕರೆಯಲ್ಲಿ ಕೂಡಿಸಿಕೊಂಡು, ಪ್ರಯೋಗಾಲಯದಿಂದ ತಂದ ದೂರದರ್ಶಕದಲ್ಲಿ ನೋಡುತ್ತ ಅಪ್ಪಣೆ ಕೊಡಬೇಕು. ಆಟದಲ್ಲಿಯೂ ಆತ ನೋಡುವುದು ಮೇಲಿನಿಂದಲೇ.

ಶ್ವೇತಾ ನಕಾಶೆಯ ಸುತ್ತ ಒಮ್ಮೆ ನಡೆದು ಕೇಳಿದಳು: "ಅಮ್ಮನ ಖೋಲಿ ಎಲ್ಲೈತೋ?"

"ಅದು ಈ ಖಾಲಿ ಜಾಗ. ಅದು ಲೆಕ್ಕಕ್ಕಿಲ್ಲ. ಅಮ್ಮಗ ಕಣ್ಣಿಗೆ ಪೊರಿ ಬಂದೈತಿ. ಬೀಸಣಿಗಿ ಎಲ್ಲಿಂದ ಬರೀಲಿ?"

ಆ ಕೋಣೆಗೆ ಒಂದು ಅಡಿಕೆಯನ್ನೂ ಆತ ಇಡಲಿಲ್ಲ.

ಕಾರ್ಯಾಚರಣೆಯ ಬೆಳಿಗ್ಗೆ ಬಿಸಿಲು ಶುಭ್ರವಾಗಿತ್ತು. ಮೊದಲ ಅಡಚಣೆ ದೂರದರ್ಶಕದಿಂದಲೇ ಬಂತು. ನಕ್ಷತ್ರ ನೋಡಲು ಮಾಡಿದ ಆ ಉಪಕರಣ ನೋಟವನ್ನು ತಲೆಕೆಳಗು ಮಾಡಿ, ಎಡವನ್ನು ಬಲಕ್ಕೆ ತಿರುಗಿಸಿ ತೋರಿಸುತ್ತದೆ. ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಅದನ್ನು ಒರೆಸಿ ಕೊಡುವವನು ಉಳಿವೆಪ್ಪನೇ. ಆದರೆ ಅದರೊಳಗೆ ಕಣ್ಣಿಟ್ಟದ್ದು ಅಂದೇ ಮೊದಲು. ಕಟ್ಟೆಯ ಮುದುಕರು ಬಾವಲಿಗಳಂತೆ ತೂಗುತ್ತಿದ್ದರು. ಅವ್ವ, ಅಪ್ಪ ಮುಗಿಲಿಗೆ ಕಾಲು ಮಾಡಿ ನಡೆದು ಬರುತ್ತಿದ್ದರು.

"ಅವ್ವಾ, ತಪ್ಪು ಬಾಗಿಲಕ ಹೊಂಟಿ! ಎಡಕ್ಕ ತಿರುಗು, ಎಡಕ್ಕ!"

ಫೋನಿನಲ್ಲಿ ಅವ್ವನ ಧ್ವನಿ ತಣ್ಣಗೆ ಬಂತು: "ಯಪ್ಪಾ, ಇದು ನನ್ನ ತವರಮನಿ. ಈ ಬಾಗಲದಾಗ ನಾ ಅಂಬೆಗಾಲಿಟ್ಟೇನಿ. ನೀ ಅಲ್ಲೇ ಕುಂದ್ರು."

ಎರಡೂ ತಂಡಗಳು ಒಳಗೆ ಹೋದವು. ಇಲ್ಲಿ ತಂತ್ರದ ಎರಡನೆಯ ದೋಷ ಬೆಳಕಿಗೆ ಬಂತು, ಮತ್ತು ಅದು ಮೂಲಭೂತ ದೋಷ. ಆಟದ ನಾಲ್ವರಿಗೆ ಯಾವ ಕಟ್ಟಡದಲ್ಲಿಯೂ ಯಾರೂ ಚಹಾ ಕೊಡುವುದಿಲ್ಲ. ಮಾಸೂರಿನಲ್ಲಿ ಲಗ್ನಪತ್ರಿಕೆ ತಂದವರು ಹೊಸ್ತಿಲಲ್ಲಿ ನಿಂತು ಅದನ್ನು ಚಾಚುವಂತಿಲ್ಲ. ಕಾಲಿಗೆ ನೀರು, ಕೂರಲು ಜಮಖಾನೆ, ಬಾಯಿಗೆ ಬೆಲ್ಲ, ಮಳೆ-ಬೆಳೆಯ ಮಾತು, ಚಹಾ. ಚಹಾದ ಕಪ್ಪು ಕೆಳಗಿಟ್ಟ ಮೇಲೆಯೇ ಕುಂಕುಮದ ಭರಣಿಯ ಮುಚ್ಚಳ ತೆಗೆಯಬೇಕು. ಕಪ್ಪು ಖಾಲಿಯಾದ ಮೇಲೂ ಕೊಡದಿದ್ದರೆ ಅವಮಾನ. ಖಾಲಿಯಾಗುವ ಮೊದಲೇ ಕೊಟ್ಟರೆ ಇನ್ನೂ ದೊಡ್ಡ ಅವಮಾನ. ನಾಗಪ್ಪನ ಮನೆಯಲ್ಲಿ ಚಹಾ ಆಗಲೇ ಬಂದಿತ್ತು. ಕರಬಸಪ್ಪನ ಮನೆಯಲ್ಲಿ ಅವಲಕ್ಕಿ ಆರಂಭವಾಗಿತ್ತು.

"ಇಲ್ಲಿ ಇನ್ನೂ ಉಳ್ಳಾಗಡ್ಡಿ ಹೆಚ್ಚಾಕತ್ತಾರೋ" ಎಂದು ಶೀಲಕ್ಕ ಸೆರಗಿನ ಮರೆಯಲ್ಲಿ ಪಿಸುಗುಟ್ಟಿದಳು.

"ಅವ್ವಾ, ಚಹಾ ನಿಧಾನ ಕುಡಿ."

"ಕುಡದಾತು."

"ಇನ್ನೊಂದು ಕಪ್ ಇಸ್ಕೋ! ಬಸಿಗೆ ಸುರುವಿಕೊಂಡು ಆರಿಸಿ ಕುಡಿ. ಅಪ್ಪಗೂ ಕುಡಸು."

"ನಿಮ್ಮಪ್ಪಗ ಸಕ್ರಿ ಬ್ಯಾಡ ಅಂದಾರ ಡಾಕ್ಟರ್ರು."

"ಶ್ವೇತಾನ ಮದಿವಿ ಅವ್ವಾ!"

ಆಗ ಅಪ್ಪ ಮಾಡಿದ ತ್ಯಾಗ ಮದುವೆಯ ವೀಡಿಯೊದಲ್ಲಿ ಎಲ್ಲಿಯೂ ದಾಖಲಾಗಿಲ್ಲ. ಅವರು ಕಪ್ಪು ಚಾಚಿದರು. ಮತ್ತೆ ಚಾಚಿದರು. ನಾಗಪ್ಪ, ತನ್ನ ಭಾವನ ಚಹಾದ ಹಸಿವನ್ನು ಕಂಡು ಕಳವಳಗೊಂಡು, "ಶಿಗ್ಗಾಂವದಾಗ ಹಾಲಿನ ತ್ರಾಸ ಐತೇನಕ್ಕಾ?" ಎಂದು ಕೇಳಿದ. ಅತ್ತ ಸಂಜಯನಿಗೆ, "ಅವಲಕ್ಕಿ ಲಗೂನ ತಿನ್ರಿ ಭಾವ, ಬಾಯಿತುಂಬ ತಿನ್ರಿ" ಎಂಬ ಅಪ್ಪಣೆ ಹೋಯಿತು. ಆತ ಹಸಿಮೆಣಸಿನಕಾಯಿಯ ಲೆಕ್ಕವಿಲ್ಲದೆ ನುಂಗಿ ಬಿಕ್ಕಳಿಸತೊಡಗಿದ. ತಟ್ಟೆ ಬೇಗ ಖಾಲಿಯಾದುದನ್ನು ಕಂಡ ಕರಬಸಪ್ಪನ ಹೆಂಡತಿ ಪ್ರೀತಿಯಿಂದ ಎರಡನೆಯ ತಟ್ಟೆ ತುಂಬಿ ತಂದಳು.

ಗೋಡೆ ತೆಳ್ಳಗಿತ್ತು. ಈಚೆಯ ಬಿಕ್ಕಳಿಕೆ ಆಚೆಗೆ, ಆಚೆಯ ಕಪ್ಪುಬಸಿಯ ಸದ್ದು ಈಚೆಗೆ ಕೇಳತೊಡಗಿತು. ಆ ಕಡೆಯೂ ನೆಂಟರು ಬಂದಿದ್ದಾರೆಂದು ಅವಳಿಗಳಿಬ್ಬರಿಗೂ ಏಕಕಾಲಕ್ಕೆ ಹೊಳೆಯಿತು. ಅಂದು ಆವರೆಗೆ ಏಕಕಾಲಕ್ಕೆ ನಡೆದ ಸಂಗತಿ ಅದೊಂದೇ.

ಸೇನಾನಿ ಇದನ್ನು ಕಾಣುವ ಸ್ಥಿತಿಯಲ್ಲಿರಲಿಲ್ಲ. ಏರಿಯ ಕೆಳಗೆ ಅರಿವೆ ಒಗೆಯುತ್ತಿದ್ದ ಹೆಂಗಸರ ಪೈಕಿ ದಾವಲಬಿ ಎಂಬ ಹಿರಿಯಳು ಒದ್ದೆ ಕೈಯಲ್ಲೇ ಮೇಲೆ ಹತ್ತಿ ಬಂದು ಆತನ ಹಿಂದೆ ನಿಂತಿದ್ದಳು.

"ಯಾಂವಲೇ ನೀ? ಹೆಣ್ಮಕ್ಕಳು ಅರಿಬಿ ಒಗಿಯೂ ಕಡೆ ದುರ್ಬೀನ ಹಚ್ಚಿಕೊಂಡು ಕುಂತೀಯಲ್ಲ, ನಿಮ್ಮನ್ಯಾಗ ಅಕ್ಕತಂಗೇರಿಲ್ಲೇನು?"

"ಅದಾರ್ರಿ. ತಂಗೀ ಸಲುವಾಗೇ ಕುಂತೇನಿ. ನಾ ನಿಮ್ಮನ್ನ ನೋಡವಲ್ಲೆ, ಆ ಮನಿ ನೋಡಾಕತ್ತೇನಿ. ಬಾಗಿಲದಾಗ ಯಾರು ಹೋದ್ರು, ಯಾರು ಬಂದ್ರು, ಅಷ್ಟ."

ಈ ಸಮರ್ಥನೆ ಆತನನ್ನು ಒಂದು ಆರೋಪದಿಂದ ಬಿಡಿಸಿ ಇನ್ನೊಂದಕ್ಕೆ ಒಪ್ಪಿಸಿತು. ಕೆರೆಯ ಕೆಳಗಿನ ಗದ್ದೆಗಳಲ್ಲಿ ಆಗಷ್ಟೇ ಪಂಪ್‌ಸೆಟ್ಟಿನ ಮೋಟಾರುಗಳು ಕಳುವಾಗಿದ್ದವು. ಅದನ್ನೇ ವಿಚಾರಿಸಲು ಬಂದು ಏರಿಯ ಮೇಲೆ ಬೈಕು ನಿಲ್ಲಿಸಿದ್ದ ಪೊಲೀಸ್ ಪೇದೆ, ಮನೆಗಳ ಬಾಗಿಲು ಕಾಯುವ ಪರವೂರಿನವನನ್ನು ಕಂಡು ಹತ್ತಿರ ಬಂದ.

"ಏನಪಾ, ಯಾವೂರು?"

"ಶಿಗ್ಗಾಂವರಿ."

"ಶಿಗ್ಗಾಂವದಾಗ ಮನಿ ಇಲ್ಲೇನು ನೋಡಾಕ? ಈ ದುರ್ಬೀನ ಯಾರದು?"

"ಕಾಲೇಜಿಂದ್ರಿ. ಹೇಳದ... ಅಂದ್ರ... ತಂದೇನ್ರಿ."

ಉಳಿವೆಪ್ಪನ ಹೆಬ್ಬೆರಳು ತಾನಾಗಿಯೇ ಗಾಳಿಯಲ್ಲಿ ಒಂದು ಗುಂಡಿಯನ್ನು ಹುಡುಕಿತು. ಹಿಂದಿನ ಹೆಜ್ಜೆಗೆ ಮರಳಬೇಕಿತ್ತು. ಬೆಳಗಿಗೆ ಮರಳಿದರೂ ಸಾಕಿತ್ತು. ಅಂಥ ಗುಂಡಿ ಹಿರೇಕೆರೂರು ತಾಲೂಕಿನಲ್ಲಿ ಎಲ್ಲಿಯೂ ಇರಲಿಲ್ಲ. ಅಷ್ಟರಲ್ಲಿ ದಾವಲಬಿ ಆತನ ಕೈಯ ಫೋನು ಕಿತ್ತುಕೊಂಡು ಕೂಗಿದ್ದಳು:

"ಹಲೋ! ಯಾರವ್ವಾ ನೀ? ನಿನ್ನ ಮಗನ್ನ ಇಲ್ಲಿ ಪೋಲೀಸರು ಹಿಡದಾರ, ಬಿಡಿಸ್ಕೊಂಡ ಹೋಗು!"

ಗಾಬರಿಯಲ್ಲಿ ಅವ್ವನ ಕೈಯೂ ಶೀಲಕ್ಕನ ಕೈಯೂ ಸ್ಪೀಕರಿನ ಗುಂಡಿಗೆ ತಾಗಿದ್ದವು. ಗೋಡೆಯ ಎರಡೂ ಕಡೆಗಳಲ್ಲಿ ದಾವಲಬಿಯ ಒಂದೇ ಧ್ವನಿ ಮೊಳಗಿತು.

ಪೇದೆ ಉಳಿವೆಪ್ಪನನ್ನು ಓಣಿಯಲ್ಲಿ ನಡೆಸಿಕೊಂಡು ಬಂದಾಗ ಹಿಂದೆ ಅರ್ಧ ಮಾಸೂರು ಬರುತ್ತಿತ್ತು. ದೂರದರ್ಶಕವನ್ನು ದಾವಲಬಿ ನೀರಿನ ಕೊಡದಂತೆ ಹೆಗಲ ಮೇಲೆ ಹೊತ್ತಿದ್ದಳು. ಕಟ್ಟೆಯ ಮುಂದೆ ಎರಡೂ ಬಾಗಿಲುಗಳು ಒಟ್ಟಿಗೇ ತೆರೆದವು.

"ನನ್ನ ಅಕ್ಕನ ಮಗ ಅಂವ! ಬಿಡ್ರಿ! ನಾ ಹಿರೇಮಾವ" ಎಂದ ನಾಗಪ್ಪ.

"ಹಿರೇಮಾವ ನಾ ಅದೇನಿ! ನನ್ನ ಕೇಳ್ರಿ" ಎಂದ ಕರಬಸಪ್ಪ.

ಪೇದೆ ಇಬ್ಬರ ಒಂದೇ ಮುಖವನ್ನು ಆಚೀಚೆ ನೋಡಿದ. "ಚಲೋ ಆತು. ಹಿರೇರಾದವರು ಈಗ ನನ್ನ ಕೂಡ ಠಾಣೆಗೆ ಬರಬೇಕು. ಈ ಹುಡುಗನ ಎಲ್ಲಾ ಜವಾಬ್ದಾರಿ ನಂದು ಅಂತ ಸಾಹೇಬರ ಮುಂದ ಹೇಳಬೇಕು. ಮೋಟಾರ್ ಸಿಗೂ ಮಟಾ ಕರದಾಗೊಮ್ಮೆ ಬರಬೇಕು. ಹೂಂ, ಹಿರೇರು ಯಾರು?"

ಕಟ್ಟೆಯ ಮುದುಕರು, ತಮ್ಮ ಜನ್ಮದಲ್ಲಿ ಇತ್ಯರ್ಥವಾಗದೆಂದುಕೊಂಡಿದ್ದ ಪ್ರಶ್ನೆಗೆ ಉತ್ತರ ಬರುವುದನ್ನು ಕಾದು ಮುಂದಕ್ಕೆ ಬಾಗಿದರು.

ನಾಗಪ್ಪ ಒಂದು ಹೆಜ್ಜೆ ಹಿಂದೆ ಸರಿದ. "ಹಂಗ ನೋಡಿದ್ರ... ಆ ಹಗೇವಿನ ಮಾತಿನ್ಯಾಗ ಅರ್ಥ ಐತ್ರಿ. ಮೊದಲ ಸುರುವಿದ್ದು ಕಡೀಕ ಬರ್ತೈತಿ. ಕರಬಸಪ್ಪನ ಹಿರ್ಯಾ."

"ಛೇ ಛೇ, ಎಲ್ಲ್ಯರ ಉಂಟೇನು!" ಕರಬಸಪ್ಪ ಕೈಮುಗಿದ. "ಮನಶ್ಯಾ ಅಂದ್ರೇನು ಜ್ವಾಳದ ಚೀಲ ಏನ್ರಿ? ಮೊದಲ ಬೆಳಕ ಕಂಡಾಂವ ಹಿರ್ಯಾ. ಅಣ್ಣಾ, ನೀ ಹೋಗಿ ಬಾ."

'ಅಣ್ಣಾ' ಎಂಬ ಮಾತು ಆ ಕಟ್ಟೆಯ ಮೇಲೆ ಬಹಳ ವರ್ಷಗಳ ನಂತರ ಕೇಳಿತು. ಕೇಳಬೇಕಾದ ಹೊತ್ತು ಅದಲ್ಲವೆಂಬುದು ಅಲ್ಲಿದ್ದ ಎಲ್ಲರಿಗೂ, ಹೇಳಿದವನಿಗೂ ತಿಳಿಯಿತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಯಾರೂ ನಗಲಿಲ್ಲ.

ಆಗ ಎರಡು ಬಾಗಿಲುಗ‌ಳ ನಡುವಿನ ಕಿಟಕಿಯಿಂದ ಧ್ವನಿಯೊಂದು ಬಂತು. "ನನ್ನ ಕೋಲು ಎಲ್ಲೈತಿ?"

ಹೊನ್ನವ್ವ ನಾಗಪ್ಪನ ಬಾಗಿಲಿನಿಂದಲೋ ಕರಬಸಪ್ಪನ ಬಾಗಿಲಿನಿಂದಲೋ ಹೊರಬಂದಳೆಂಬುದನ್ನು ಆ ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. ಇದು ಮುಂದೆ ಮಾಸೂರಿನಲ್ಲಿ ಹೊಸದೊಂದು ವಾದಕ್ಕೆ ಕಾರಣವಾಯಿತು. ಕೋಲೂರುತ್ತ ಬಂದು ಪೇದೆಯ ಮುಂದೆ ನಿಂತಳು.

"ನಡಿಯಪಾ. ನಾ ಬರ್ತೇನಿ ಠಾಣೇಕ. ಇಂವ ನನ್ನ ಮೊಮ್ಮಗ. ಹುಟ್ಟಿದಾಗಿಂದ ಹಿಂಗ ಅದಾನ. ಕಳವು ಮಾಡಾಕ ಬುದ್ಧಿ ಬೇಕಾಗ್ತೈತಿ, ಇವನ ಕಡೆ ಅದಿಲ್ಲ. ಇವನ ಜವಾಬ್ದಾರಿ ನಂದು. ಈ ಮನ್ಯಾಗ ಹಿರೇಕಿ ನಾ."

ಪೇದೆ ಮುದುಕಿಯ ಬರಿಗಾಲು ನೋಡಿದ. ದೂರದರ್ಶಕದ ಮೇಲಿನ ಕಾಲೇಜಿನ ಚೀಟಿ ನೋಡಿದ. ಉಳಿವೆಪ್ಪನ ಮುಂಗೈಯ ದಾರ ನೋಡಿದ. "ಬ್ಯಾಡ್ರಿ ಅಮ್ಮಾ, ಕುಂದ್ರಿ. ಕಾಲೇಜಿಗೆ ಫೋನ್ ಮಾಡಿ ಕೇಳ್ತೇನಿ, ಮುಗೀತದ" ಎಂದು ತಗ್ಗಿದ ದನಿಯಲ್ಲಿ ಹೇಳಿದ. ದಾವಲಬಿ ಹೆಗಲ ಭಾರವನ್ನು ಕೆಳಗಿಳಿಸಿ, "ಮೊದಲ ಹೊನ್ನವ್ವಕ್ಕನ ಮೊಮ್ಮಗ ಅಂದಿದ್ರ ನಾ ಯಾಕ ಹಿಡೀತಿದ್ದೆ?" ಎಂದಳು.

ಹೊನ್ನವ್ವ ಕಟ್ಟೆಯ ಮೇಲೆ ಕುಳಿತಳು. ಪೊರೆ ಬಂದ ಕಣ್ಣುಗಳನ್ನು ಮಗಳಿದ್ದ ಕಡೆ ತಿರುಗಿಸಿದಳು.

"ಶ್ವೇತಾನ ಮದಿವಿ ಐತಂತ ಆ ಗ್ವಾಡಿ ಕಡಿಂದ ಕೇಳೇನಿ, ಈ ಗ್ವಾಡಿ ಕಡಿಂದ ಕೇಳೇನಿ. ಬೆಳಿಗ್ಗೆಯಿಂದ ಅಲ್ಲಿ ಚಹಾ ಕುಡದ್ರಿ, ಇಲ್ಲಿ ಅವಲಕ್ಕಿ ತಿಂದ್ರಿ. ನಡುವ ಒಂದು ಜೀವ ಐತಂತ ಯಾರಿಗೂ ನೆನಪಾಗಲಿಲ್ಲ. ನನಗ ಇನ್ನೂ ಯಾರೂ ಕರದಿಲ್ಲವ್ವಾ."

ನಕಾಶೆಯ ಖಾಲಿ ಜಾಗ ಉಳಿವೆಪ್ಪನ ಕಣ್ಣ ಮುಂದೆ ಬಂದು ನಿಂತಿತು. ಇಡೀ ಮಾಸೂರಿನ ಬೀಸಣಿಗೆಗಳನ್ನೆಲ್ಲ ಆತ ಬರೆದಿದ್ದ. ಅವುಗಳನ್ನೆಲ್ಲ ದಾಟುವಷ್ಟು ದೊಡ್ಡದನ್ನು ಬಿಟ್ಟಿದ್ದ. ಅವ್ವನ ಚೀಲದಿಂದ ಪತ್ರಿಕೆ, ಭರಣಿ ತೆಗೆದು ತಾನೇ ಅವ್ವನ ಕೈಗಿತ್ತ. ಅವ್ವ, ಅಪ್ಪ ಹೊನ್ನವ್ವನ ಪಾದಕ್ಕೆ ಬಿದ್ದು ಮೊದಲ ಪತ್ರಿಕೆಯನ್ನು ಕೊಟ್ಟರು. ನಬೀಸಾಬ ಹಾರ್ನ್ ಬಾರಿಸಲಿಲ್ಲ. ಅಪ್ಪಣೆ ಕೊಡುವುದನ್ನು ಎಲ್ಲರೂ ಮರೆತಿದ್ದರು. ಆತ ಓಣಿಯ ಬಾಯಲ್ಲಿ ಮಧ್ಯಾಹ್ನದವರೆಗೆ ಹಾರ್ನ್ ಮೇಲೆ ಕೈಯಿಟ್ಟುಕೊಂಡು ಪ್ರಾಮಾಣಿಕವಾಗಿ ಕುಳಿತಿದ್ದ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಎರಡನೆಯ ಪತ್ರಿಕೆ ಯಾರಿಗೆಂಬುದು ಉಳಿದಿತ್ತು. ನಾಗಪ್ಪ ತಲೆ ತಗ್ಗಿಸಿ, "ಅಣ್ಣಗ ಮೊದಲ ಕೊಡ್ರಿ" ಎಂದ. ಕರಬಸಪ್ಪ, "ಇಲ್ಲ, ಅಣ್ಣಗ ಮೊದಲ" ಎಂದ. ಬೆಳಿಗ್ಗೆಯ ನಾಚಿಕೆ ಇಬ್ಬರ ಕುತ್ತಿಗೆಯ ಮೇಲೂ ಕುಳಿತಿತ್ತು; ಹಿರೇತನವನ್ನು ಇನ್ನು ಮುಟ್ಟುವ ಧೈರ್ಯ ಇಬ್ಬರಿಗೂ ಇರಲಿಲ್ಲ. ವಾದ ಊಟದವರೆಗೆ ನಡೆಯಿತು. ಕೊನೆಗೆ ಹೊನ್ನವ್ವ ಅವರಿಬ್ಬರ ಪತ್ರಿಕೆಗಳನ್ನೂ ತನ್ನ ದಿಂಬಿನ ಕೆಳಗಿಟ್ಟುಕೊಂಡು, "ಕಂಬ ಇಬ್ಬರೂ ಕೂಡಿ ಹೊರ್ರಿ. ಅದು ಹಂದರಕ್ಕ ಮುಟ್ಟಿದ ಮ್ಯಾಲೆ ಕೊಡ್ತೇನಿ" ಎಂದಳು.

ಹಂದರ ಹಾಕುವ ದಿನ ಶಿಗ್ಗಾಂವದ ಓಣಿಯಲ್ಲಿ ಹಸಿ ಮರದ ಹಂದರಗಂಬ ಹೊತ್ತು ಅವಳಿಗಳು ಬಂದರು. ಹಿರೇಕೆರೂರಿನ ಬೀಗರು ಸೌಮ್ಯವಾಗಿ ನಿಂತು ನೋಡುತ್ತಿದ್ದರು. ಕಂಬಕ್ಕೆ ಮುಂತುದಿ ಒಂದೇ, ಮುಂತುದಿ ಹಿರಿಯನದು.

"ಅಣ್ಣಾ, ನೀ ಮುಂದ ನಡಿ."

"ಇಲ್ಲಪಾ, ನೀ ಮುಂದ."

ಇಬ್ಬರೂ ಹಿಂದುಳಿಯಲು ಯತ್ನಿಸಿದ್ದರಿಂದ ಕಂಬ ಮೆಲ್ಲಗೆ ತಿರುಗಿ, ಓಣಿಗೆ ಅಡ್ಡವಾಗಿ, ಒಂದು ತುದಿ ಹಾಜರಾಬಿಯ ಗೋಡೆಗೂ ಇನ್ನೊಂದು ತುದಿ ವಿದ್ಯುತ್ ಕಂಬಕ್ಕೂ ಸಿಕ್ಕಿ ನಿಂತಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಹಾಜರಾಬಿ ಕಿಟಕಿಯಿಂದ, "ದಾರ ಇನ್ನೊಂದು ತರಬೇಕಿತ್ತು ಕಾಣ್ತದ" ಎಂದಳು. ಬೀಗರಲ್ಲೊಬ್ಬರು ಗಡಿಯಾರ ನೋಡಿಕೊಂಡರು. ಹೊಸ್ತಿಲಲ್ಲಿ ಶ್ವೇತಾ ಅರಿಸಿನದ ಕೈಗಳನ್ನು ಒಂದರೊಳಗೊಂದು ಹಿಡಿದುಕೊಂಡಿದ್ದಳು.

ಕುಣಿ ತೋಡುತ್ತಿದ್ದ ಉಳಿವೆಪ್ಪ ಹಾರೆ ಬಿಟ್ಟು ಎದ್ದ. ಆತನ ಬಳಿ ಯಾವ ತಂತ್ರವೂ ಇರಲಿಲ್ಲ. ಆಗಲೇ ಹಿಂದಿನಿಂದ, ಮದುವೆಯ ಎಲೆಯ ಪೆಂಡಿಗಳನ್ನು ತುಂಬಿಕೊಂಡು ಬಂದ ನಬೀಸಾಬನ ವ್ಯಾನಿಗೆ ದಾರಿ ಕಟ್ಟಿತು. ಎಲೆ ಬಿಸಿಲಿಗೆ ಬಾಡುತ್ತದೆ. ಆತ ಇದ್ದ ಬಲವನ್ನೆಲ್ಲ ಹಾಕಿ ಹಾರ್ನ್ ಬಾರಿಸಿದ.

ಅವಳಿಗಳಿಬ್ಬರೂ ಒಂದೇ ಕ್ಷಣಕ್ಕೆ ಬೆಚ್ಚಿದರು. ಒಂದೇ ಕ್ಷಣಕ್ಕೆ ಒಂದೇ ಕಾಲು ಎತ್ತಿದರು. ಕಂಬ ಗೋಡೆಯನ್ನು ಕೆರೆದು ಬಿಡಿಸಿಕೊಂಡಿತು. ಯಾರೂ ಮುಂದಿಲ್ಲ, ಯಾರೂ ಹಿಂದಿಲ್ಲ. ಇಬ್ಬರೂ ಏಡಿಗಳಂತೆ ಪಕ್ಕಪಕ್ಕಕ್ಕೆ ಹೆಜ್ಜೆಯಿಡುತ್ತ, ಮುಖ ಮುಖ ನೋಡಿಕೊಳ್ಳುತ್ತ, ಹಂದರದೊಳಗೆ ಬಂದರು. ಶ್ವೇತಾ ಓಡಿಹೋಗಿ ಕಂಬದ ನಡುಭಾಗಕ್ಕೆ ಹಣೆ ಹಚ್ಚಿದಳು.

ಉಳಿವೆಪ್ಪನ ಹೆಬ್ಬೆರಳು ಮತ್ತೊಮ್ಮೆ ತಾನಾಗಿಯೇ ಗಾಳಿಯಲ್ಲಿ ಚಲಿಸಿತು. ಈ ಸಲ ಅದು ಹುಡುಕಿದ್ದು ಹಿಂದಕ್ಕೆ ಮರಳುವ ದಾರಿಯನ್ನಲ್ಲ. ಇದನ್ನು, ಹೀಗೆ, ಇಷ್ಟನ್ನೇ ಕಾದಿಡಬೇಕಿತ್ತು.

"ಏನ್ ನಿಂತಿ ನೋಡ್ಕೋತ?" ಕಾಣದ ಕಣ್ಣಿನ ಹೊನ್ನವ್ವ ಕುರ್ಚಿಯಿಂದ ಕೋಲು ಬಡಿದಳು. "ಕುಣಿ ಇನ್ನೂ ಮೊಣಕಾಲಷ್ಟ ಆಗಿಲ್ಲ. ತೋಡು."